ಕಬ್ಬಿಗೊಬ್ಬನೇ ಗಿರಾಕಿ

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿದು ಬಂದಾಗ ಮಳೆಯನ್ನೇ ನಂಬಿದ್ದ ಹೊಲಗಳು ಕಬ್ಬಿನ ಗದ್ದೆಗಳಾದುವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರು ಅದಕ್ಕಾಗಿ ಬಹಳ ದುಡಿದರು. ಅನಂತರ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿಯೂ ಕೊಪ್ಪದಲ್ಲಿಯೂ ಖಾಸಗಿ ಕಾರ್ಖಾನೆಗಳೆದ್ದುವು. ಕಾರ್ಖಾನೆಗಳು ಹಲವಾದರೆ ಬೆಳೆಗಾರನಿಗೆ ಗಿರಾಕಿಗಳೂ ಹಲವರೆಂದು ಪಟ್ಟಣದ ಓದುಗರು ಭಾವಿಸುವುದು ಸಹಜವೇ. ವಸ್ತುಸ್ಥಿತಿ ಹಾಗಿಲ್ಲ.

1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಒಂದೊಂದು ಕಾರ್ಖಾನೆಗೂ ಇಂತಿಂಥ ಪ್ರದೇಶವೆಂದು ಸರ್ಕಾರವು ಮೀಸಲಿಡಬಹುದು. ಹಳೆಯ ಕಾರ್ಖಾನೆಯಿಂದ 15 ಕಿಲೋಮೀಟರಿನೊಳಗೆ ಹೊಸದೊಂದು ತಲೆಯೆತ್ತಕೂಡದೆಂದು 2006ರ ತಿದ್ದುಪಡಿ ಸಾರಿತು. ಇದು ಕೇವಲ ಧನಿಕರ ಪಕ್ಷಪಾತವೆನ್ನುವಂತಿಲ್ಲ. ಕಬ್ಬು ದೊರೆಯುವ ಭರವಸೆಯಿಲ್ಲದೆ ಕೋಟ್ಯಂತರ ರೂಪಾಯಿ ಹೂಡುವವರಾರು? ಪ್ರತಿಯಾಗಿ ಕಾರ್ಖಾನೆಯ ಮೇಲೂ ಹೊಣೆಯುಂಟು. ಕೇಂದ್ರವು ಗೊತ್ತುಮಾಡಿದ ದರಕ್ಕೆ ಕಡಿಮೆಯಿಲ್ಲದಂತೆ 14 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ತೆರಬೇಕು.

ಈ ಒಪ್ಪಂದದ ಮೊದಲರ್ಧ ತಾನಾಗಿ ನಡೆಯುತ್ತದೆ. ಎರಡನೆಯ ಅರ್ಧಕ್ಕೆ ರೈತನು ಕಚೇರಿಯ ಮೆಟ್ಟಿಲು ಹತ್ತಬೇಕು. ಜವಳಿ ವ್ಯಾಪಾರಿಯು ದರ ಹಿಡಿಸದಿದ್ದರೆ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟಾನು. ಕಡಿದ ಕಬ್ಬು ದಿನದಿನಕ್ಕೆ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಕಡಿಯದೆ ಬಿಟ್ಟರೆ ಸೂಲಂಗಿ ಬಂದು ಬೆಂಡಾಗುತ್ತದೆ. ಕೊಳ್ಳುವವನಿಗೆ ಅವಸರವಿಲ್ಲ, ಮಾರುವವನಿಗೆ ಅವಕಾಶವಿಲ್ಲ.

ಅಮೆರಿಕದಲ್ಲಿಯೂ ಸಕ್ಕರೆಯೇ ಇಂತಹ ಪ್ರಶ್ನೆಯನ್ನೆಬ್ಬಿಸಿತ್ತು. ದೇಶದ ಶುದ್ಧೀಕರಣವನ್ನು ಬಹುಮಟ್ಟಿಗೆ ಮುಷ್ಟಿಯಲ್ಲಿರಿಸಿಕೊಂಡ ಒಂದು ಕಂಪನಿಯನ್ನು 1895ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ತಯಾರಿಕೆ ಬೇರೆ ವ್ಯಾಪಾರ ಬೇರೆ ಎಂಬ ತರ್ಕದಿಂದ, 1890ರ ಷರ್ಮನ್ ಕಾಯಿದೆಯ ಹಿಡಿತದಿಂದ ಪಾರುಮಾಡಿತು. ಅಲ್ಲಿ ಕಾಯಿದೆ ಏಕಸ್ವಾಮ್ಯವನ್ನು ತಡೆಯಲಾರದೆ ಹೋಯಿತು. ಇಲ್ಲಿ ಕಾಯಿದೆಯೇ ಅದಕ್ಕೆ ಎಲ್ಲೆಗಲ್ಲು ನೆಟ್ಟಿದೆ.

2012ರಲ್ಲಿ ರಂಗರಾಜನ್ ಸಮಿತಿಯು ಮೀಸಲು ಪ್ರದೇಶ, ದೂರದ ನಿಯಮ ಎರಡನ್ನೂ ಕೈಬಿಡಬೇಕೆಂದು ಸಲಹೆ ಮಾಡಿತು. 2013ರಲ್ಲಿ ಕೇಂದ್ರವು ಕಾರ್ಖಾನೆಗಳ ಮೇಲಿದ್ದ ಲೆವಿ ಸಕ್ಕರೆಯ ಭಾರವನ್ನಿಳಿಸಿತು. ಬೆಳೆಗಾರನಿಗೆ ಸಂಬಂಧಿಸಿದ ಆ ಎರಡನ್ನು ಮಾತ್ರ ರಾಜ್ಯಗಳ ವಿವೇಚನೆಗೆ ಬಿಟ್ಟಿತು. 2018ರಲ್ಲಿ ಸಕ್ಕರೆಗೂ ಕಿಲೋಗೆ 29 ರೂಪಾಯಿಗಳ ಕನಿಷ್ಠ ಮಾರಾಟ ದರ ದೊರೆಯಿತು.

ಒಡೆತನ ಸರ್ಕಾರದ್ದಾದರೆ ಕಷ್ಟ ತೀರೀತೆಂಬ ನಂಬಿಕೆಯೂ ಪೂರ್ಣ ನಿಲ್ಲದು. ಮಂಡ್ಯದ ಸರ್ಕಾರಿ ಕಾರ್ಖಾನೆಯೇ ಕೆಲವು ಹಂಗಾಮುಗಳ ಕಾಲ ಸದ್ದಿಲ್ಲದೆ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಅಂತಹ ದಿನಗಳಲ್ಲಿ ಹತ್ತಿರದ ಬೆಳೆಗಾರನಿಗೆ ಉಳಿಯುವುದು ದೂರದ ಕಾರ್ಖಾನೆ, ಇಲ್ಲವೆ ಊರ ಹೊರಗಿನ ಆಲೆಮನೆ. ಆಲೆಮನೆಯವನು ಕೊಡುವ ದರ ಬೆಲ್ಲದ ಪೇಟೆಯೊಡನೆ ಏರಿಳಿಯುತ್ತದೆ, ಅದಕ್ಕೆ ಯಾವ ಆಜ್ಞೆಯ ಆಸರೆಯೂ ಇಲ್ಲ. ಆದರೂ ಕೊಪ್ಪರಿಗೆಯಿಂದ ಹೊಗೆಯೇಳುತ್ತಿರುವವರೆಗೆ ಕಾರ್ಖಾನೆಗೆ ಎದುರಾಗಿ ಇನ್ನೊಬ್ಬ ಗಿರಾಕಿ ಇದ್ದೇ ಇರುತ್ತಾನೆ.