ಕಿರ್ದಿಯ ಶಿಸ್ತು: ಸಂಕಲ್ಪಕ್ಕಿಂತ ರೂಢಿ ಮೇಲು

ಲೆಕ್ಕವನ್ನು ಅಂದಂದೇ ಬರೆದಿಡಬೇಕೆಂಬುದನ್ನು ಅರಿಯದ ವರ್ತಕರಿಲ್ಲ. ಆದರೂ ಪ್ರತಿ ತಿಂಗಳ ಎರಡನೆಯ ವಾರದಲ್ಲಿ ನಮ್ಮಂಥ ಲೆಕ್ಕಪರಿಶೋಧಕರ ಕಚೇರಿಗಳಿಗೆ ಬಿಲ್ಲುಗಳು ಚೀಲಗಟ್ಟಲೆ ಬಂದು ಬೀಳುತ್ತವೆ. ಇದನ್ನು ಸೋಮಾರಿತನವೆಂದು ಜರೆಯುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಇದು ರೂಢಿಯ ದೋಷ; ಆದ್ದರಿಂದ ತಿದ್ದಬಹುದಾದ ದೋಷ.

ಹೊಸ ಕೆಲಸ ಕಲಿಯುವಾಗ ನಾವು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತೇವೆ. ಅದೇ ಕೆಲಸ ಅದೇ ಸಂದರ್ಭದಲ್ಲಿ ಮತ್ತೆ ಮತ್ತೆ ನಡೆದು ಪ್ರತಿಫಲ ದೊರೆಯುತ್ತ ಹೋದಂತೆ, ಮಿದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶ ಸಮೂಹವು ಅದರ ಹೊಣೆಯನ್ನು ಹೆಚ್ಚುಹೆಚ್ಚಾಗಿ ವಹಿಸಿಕೊಳ್ಳುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆ್ಯನ್ ಗ್ರೇಬಿಯಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಗಮನಾರ್ಹ. ಸದ್ದಿನ ಸೂಚನೆಯಂತೆ ಕವಲುದಾರಿಯಲ್ಲಿ ತಿರುಗಿ ತಿನಿಸು ಪಡೆಯಲು ಇಲಿಗಳಿಗೆ ಕಲಿಸಲಾಯಿತು. ದಾರಿ ರೂಢಿಯಾದಂತೆ ಆ ಭಾಗದ ನರಕೋಶಗಳ ಚಟುವಟಿಕೆಯು ಓಟದ ಆರಂಭ ಮತ್ತು ಅಂತ್ಯದಲ್ಲಿ ಕೇಂದ್ರೀಕೃತವಾಯಿತು. ತಿನಿಸು ನಿಲ್ಲಿಸಿದಾಗ ಈ ವಿನ್ಯಾಸ ಮಸುಕಾಯಿತು. ಮತ್ತೆ ಕೊಟ್ಟಾಗ ಬೇಗನೆ ಮರಳಿತು. ಹಳೆಯ ರೂಢಿ ಪೂರ್ತಿ ಅಳಿಯದೆ ಸೂಚನೆಗಾಗಿ ಕಾದಿರುತ್ತದೆ ಎಂದಾಯಿತು. ಹೊಸ ವರ್ಷದ ಸಂಕಲ್ಪಗಳು ಮುರಿದು ಬೀಳಲು ಇದೂ ಒಂದು ಕಾರಣ.

ನಮ್ಮ ಹಿರಿಯರ ಕಿರ್ದಿ ಬರವಣಿಗೆಯನ್ನು ಈ ದೃಷ್ಟಿಯಿಂದ ನೋಡಬೇಕು. ಅಂಗಡಿಯ ಬಾಗಿಲು ಹಾಕುವ ಹೊತ್ತೇ ಅದಕ್ಕೆ ಸೂಚನೆ. ಗಲ್ಲಾಪೆಟ್ಟಿಗೆಯ ರೊಕ್ಕ ಪುಸ್ತಕದ ಶಿಲ್ಕಿಗೆ ತಾಳೆಯಾದಾಗಿನ ನೆಮ್ಮದಿಯೇ ಪ್ರತಿಫಲ. ಗಣಕಯಂತ್ರ ಬಂದ ಮೇಲೆ ಯಾವಾಗ ಬೇಕಾದರೂ ನಮೂದಿಸುವ ಅನುಕೂಲ ದೊರೆಯಿತು. ಆದರೆ ಆ ನಿಗದಿತ ಹೊತ್ತು ಕಳೆದುಹೋಯಿತು.

ಇದರ ಬೆಲೆ ಅಲ್ಪವಲ್ಲ. ಜಿಎಸ್‌ಟಿಯನ್ನು ಮಾಸಿಕವಾಗಿ ಸಲ್ಲಿಸುವವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ನೀಡದಿದ್ದರೆ, ಖರೀದಿದಾರನ 14ನೇ ತಾರೀಖಿನ ಪಟ್ಟಿಯಲ್ಲಿ ಆ ಬಿಲ್ಲು ಕಾಣಿಸದು. ಹೂಡುವಳಿ ತೆರಿಗೆಯ ಜಮೆ ಅವನಿಗೆ ಆ ತಿಂಗಳು ದೊರೆಯದು. ತೆರಿಗೆ ಪಾವತಿ ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಬಡ್ಡಿಯನ್ನು ಹೇಗೋ ಕಟ್ಟಬಹುದು. ಬೇಸತ್ತು ಬೇರೆಡೆ ಹೋದ ಗಿರಾಕಿಯನ್ನು ಮರಳಿ ತರುವುದು ಕಷ್ಟ. ಸಣ್ಣ ಕೈಗಾರಿಕೆಗಳಿಗೆ ಈ ಪೆಟ್ಟು ಹೆಚ್ಚು.

ಪರಿಹಾರ ಸರಳವಾಗಿದೆ. ನಮೂದಿಸುವ ಕೆಲಸವನ್ನು ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಜೋಡಿಸಬೇಕು: ಮುಚ್ಚುವ ಮುನ್ನ ರೊಕ್ಕ ಎಣಿಸುವುದು ಅಥವಾ ಕಾರ್ಖಾನೆಯಲ್ಲಿ ಪಾಳಿ ಮುಗಿಯುವುದು. ಬಿಲ್ಲು ತುರುಕುವ ಚೀಲವನ್ನು ಮೇಜಿನಿಂದ ತೆಗೆದುಬಿಡಬೇಕು. ಹಳೆಯ ರೂಢಿಗೆ ಅದೇ ಸೂಚನೆ. ದಿನದ ಶಿಲ್ಕು ತಾಳೆಯಾದುದನ್ನು ಕಣ್ಣಾರೆ ಕಂಡೇ ಏಳಬೇಕು.

ಫಲಕ್ಕೆ ತಾಳ್ಮೆ ಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಸ ರೂಢಿ ನೆಲೆಗೊಳ್ಳಲು ಸಾಮಾನ್ಯವಾಗಿ 66 ದಿನಗಳು ಬೇಕು. ವ್ಯಕ್ತಿಗೂ ಕೆಲಸಕ್ಕೂ ತಕ್ಕಂತೆ ಇದು 18ರಿಂದ 254 ದಿನಗಳವರೆಗೆ ಇರಬಹುದು. ನಡುವೆ ಒಂದು ದಿನ ತಪ್ಪಿದರೆ ಕೆಲಸವೇನೂ ಕೆಡದು ಎಂಬುದೂ ಅದರಲ್ಲಿ ಕಂಡುಬಂದಿದೆ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯ ನೆಪ ಇಲ್ಲಿ ಸಲ್ಲದು. ಲೆಕ್ಕ ತಡಮಾಡುವುದು ಯಾರ ಹುಟ್ಟುಗುಣವೂ ಅಲ್ಲ. ಸದಸ್ಯ ಬಂಧುಗಳು ಒಂದು ತ್ರೈಮಾಸಿಕದ ಮಟ್ಟಿಗಾದರೂ ಈ ಕ್ರಮವನ್ನು ಅನುಸರಿಸಿ ನೋಡಲಿ.