ಉಷ್ಣಮಾಪಕ ಹೇಳಿದ್ದು, ನಾವು ಬರೆದದ್ದು

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಈ ಕಾಲೇಜಿಗೆ ಬರುವ ಮುನ್ನ ಎರಡು ವರ್ಷ ನಾನು ವಿಜ್ಞಾನ ಓದಿದವನು. ಆಗ ಕಲಿತ ಸೂತ್ರಗಳಲ್ಲಿ ಬಹಳಷ್ಟು ಮರೆತುಹೋಗಿವೆ; ಮರೆಯದೆ ಉಳಿದಿರುವುದು ನಾನು ಬರೆದ ಒಂದು ಸುಳ್ಳು ಸಂಖ್ಯೆ. ಅದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ದ್ರವದ ಘನೀಕರಣ ಬಿಂದುವನ್ನು, ಎಂದರೆ ಅದು ಹೆಪ್ಪುಗಟ್ಟುವ ಉಷ್ಣತೆಯನ್ನು, ಅಳೆಯುವ ಪ್ರಯೋಗವದು. ನಮಗೆ ಕೊಟ್ಟ ದ್ರವ ಅಸಿಟಿಕ್ ಆಮ್ಲ. ಶುದ್ಧವಾಗಿದ್ದರೆ ಅದು 16.6 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅದು ತಾನಾಗಿ ಗಟ್ಟಿಯಾಗುವುದೆಲ್ಲಿಂದ ಬಂತು? ಪೇಟೆಯಿಂದ ಬರ್ಫ ತರಿಸಿ, ಅದರ ನಡುವೆ ಆಮ್ಲದ ನಳಿಕೆಯನ್ನು ಇಟ್ಟೆವು. ದೇವದುರ್ಗದ ಮಿತ್ರನು ಕಲಕುವುದು, ಮಾನ್ವಿಯ ಮಿತ್ರನು ಗಡಿಯಾರ ನೋಡುವುದು, ನಾನು ಅರ್ಧ ನಿಮಿಷಕ್ಕೊಮ್ಮೆ ಪಾದರಸದ ಮಟ್ಟವನ್ನು ಓದಿ ಬರೆಯುವುದು, ಹೀಗೆ ಕೆಲಸ ಹಂಚಿಕೊಂಡೆವು.

ಪಾದರಸ 16ಕ್ಕೆ ಇಳಿಯಿತು, 14ಕ್ಕೆ ಇಳಿಯಿತು, 12ಕ್ಕೂ ಬಂತು. ಆಮ್ಲ ಮಾತ್ರ ನೀರಿನಂತೆಯೇ ಇತ್ತು. ಅಷ್ಟರಲ್ಲಿ ನಳಿಕೆಯ ತಳದಲ್ಲಿ ಬಿಳಿಯ ಹರಳುಗಳು ಮೂಡಿ ಕ್ಷಣದಲ್ಲಿ ಹಬ್ಬಿದುವು. ಆಶ್ಚರ್ಯವೆಂದರೆ, ಗಟ್ಟಿಯಾಗುತ್ತಿದ್ದಂತೆಯೇ ಪಾದರಸ ಮೇಲಕ್ಕೇರಿತು! ದ್ರವವು ಹೆಪ್ಪುಗಟ್ಟುವಾಗ ತನ್ನೊಳಗಿನ ಗುಪ್ತೋಷ್ಣವನ್ನು ಹೊರಬಿಡುತ್ತದೆ ಎಂದು ಓದಿದ್ದೆವು. ಅಂದು ಕಣ್ಣಾರೆ ಕಂಡೆವು. ಏರಿದ ಪಾದರಸ ಹದಿನಾಲ್ಕೂವರೆಯ ಬಳಿ ನಿಂತಿತು. ನಾವು ಮುಖ ಮುಖ ನೋಡಿಕೊಂಡೆವು. "ಬಿಡಪಾ, ಪುಸ್ತಕದಾಗ ಏನದನೋ ಅದನ್ನ ಬರಿ, ಮಾರ್ಕ್ಸ್ ಬರ್ತಾವ" ಎಂದನು ಮಾನ್ವಿಯ ಮಿತ್ರ. ನಾನು 16.6 ಎಂದು ಬರೆದೆ. ಹತ್ತಕ್ಕೆ ಹತ್ತು ಅಂಕವೂ ಬಂತು.

ಬಹುದಿನಗಳ ಮೇಲೆ ನನಗೆ ತಿಳಿದುದೇನೆಂದರೆ, ಅಸಿಟಿಕ್ ಆಮ್ಲ ಗಾಳಿಯ ತೇವವನ್ನು ಹೀರಿಕೊಳ್ಳತಕ್ಕ ವಸ್ತು. ನೂರು ಗ್ರಾಂ ಆಮ್ಲಕ್ಕೆ ಒಂದೇ ಗ್ರಾಂ ನೀರು ಸೇರಿದರೂ ಅದರ ಘನೀಕರಣ ಬಿಂದು ಸುಮಾರು 2 ಡಿಗ್ರಿ ಇಳಿಯುತ್ತದೆ. ಆ ಸೀಸೆಯ ಬಿರಡೆ ಸಡಿಲವಾಗಿದ್ದುದು ನೆನಪಿದೆ. ನಾವು ತಪ್ಪೆಂದು ಅಳಿಸಿದ ಸಂಖ್ಯೆಯೇ ಪ್ರಾಯಶಃ ಆ ಸೀಸೆಯ ನಿಜವಾದ ಸಮಾಚಾರವಾಗಿತ್ತು. ಉಷ್ಣಮಾಪಕವೇ ಕೆಟ್ಟಿರಬಹುದಿತ್ತಲ್ಲವೆ? ಇರಬಹುದಿತ್ತು. ಕರಗುವ ಬರ್ಫದಲ್ಲಿ ಅದ್ದಿ, ಸೊನ್ನೆ ತೋರಿಸುವುದೇ ಎಂದು ನೋಡಿದ್ದರೆ ತಿಳಿಯುತ್ತಿತ್ತು. ಬರ್ಫ ಎದುರಿಗೇ ಇತ್ತು, ನೋಡುವ ಮನಸ್ಸಿರಲಿಲ್ಲ.

ಇದು ಪ್ರಯೋಗಶಾಲೆಯ ನಾಲ್ಕು ಗೋಡೆಗಳ ಮಾತಷ್ಟೇ ಅಲ್ಲ. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವ ಒಂದು ಬಲವಾದ ಉಪಾಯ ಇದೇ ಅಳತೆಯಾಗಿದೆ. ಕೆನೆ ತೆಗೆದು ನೀರು ಸೇರಿಸಿದವನು ಲ್ಯಾಕ್ಟೋಮೀಟರನ್ನು ವಂಚಿಸಬಲ್ಲನು. ಆದರೆ ಹಸುವಿನ ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರು ಬೆರೆತಷ್ಟೂ ಆ ಬಿಂದು ಸೊನ್ನೆಯತ್ತ ಸರಿಯುತ್ತದೆ. ಅಳೆಯುವವನು ಕಂಡುದನ್ನು ಬಿಟ್ಟು ಪುಸ್ತಕದ ಸಂಖ್ಯೆ ಬರೆದರೆ, ನೀರು ಹಾಲಾಗುತ್ತದೆ. ಕುಡಿಯುವ ಕೂಸು ಬಡವಾಗುತ್ತದೆ.

ಇನ್ನು ಕಲಾ ವಿದ್ಯಾರ್ಥಿಗಳಾದ ನಮ್ಮ ಮಾತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಸಮೀಕ್ಷೆಗೆಂದು ಹೋದ ನಮ್ಮಲ್ಲಿ ಎಷ್ಟು ಜನ ಹತ್ತು ಮನೆ ನೋಡಿ, ಉಳಿದ ನಲವತ್ತನ್ನು ಬೇವಿನ ಮರದ ನೆರಳಿನಲ್ಲಿ ತುಂಬಿಲ್ಲ? "ಸಾಲ ಇದೆಯೇ? ಇದೆ. ಗುಳೆ ಹೋಗುವರೇ? ಹೋಗುವರು." ಉತ್ತರ ಮೊದಲೇ ಗೊತ್ತಿದ್ದಂತೆ ಬರೆಯುತ್ತೇವೆ. ನಮ್ಮ ನಿರೀಕ್ಷೆಗೆ ವಿರುದ್ಧವಾದ ಒಂದು ಮನೆ ಅಲ್ಲಿದ್ದರೆ, ಅದೇ ನಮಗೆ ಕಲಿಸತಕ್ಕ ಮನೆ. ಅದನ್ನೇ ನಾವು ಅಳಿಸುತ್ತೇವೆ.

ಪರೀಕ್ಷಕರು ಸರಿಯುತ್ತರಕ್ಕೇ ಅಂಕ ಕೊಡುತ್ತಾರೆ, ಬಡ ವಿದ್ಯಾರ್ಥಿ ಏನು ಮಾಡಬೇಕು ಎಂಬ ಆಕ್ಷೇಪಣೆಯುಂಟು. ಅದರಲ್ಲಿ ಸತ್ಯಾಂಶವಿದೆ; ತಪ್ಪು ನಮ್ಮದೊಂದೇ ಅಲ್ಲ. ಆದುದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ದಾಖಲೆ ಪುಸ್ತಕದಲ್ಲಿ "ಕಂಡದ್ದು", "ಪುಸ್ತಕದಲ್ಲಿರುವುದು", "ಅಂತರಕ್ಕೆ ಕಾರಣ" ಎಂದು ಮೂರು ಸಾಲುಗಳಿರಲಿ, ಮೂರನೆಯ ಸಾಲಿಗೆ ಹೆಚ್ಚಿನ ಅಂಕವಿರಲಿ. ಸಮೀಕ್ಷೆಯ ವರದಿಗೂ ಇದೇ ಕ್ರಮವಾಗಲಿ. ಇದಕ್ಕೆ ಹೊಸ ಉಪಕರಣ ಬೇಡ, ಹಣ ಬೇಡ.

ಸಹಪಾಠಿಗಳೇ, ಹದಿನಾಲ್ಕೂವರೆ ಕಂಡರೆ ಹದಿನಾಲ್ಕೂವರೆ ಎಂದೇ ಬರೆಯೋಣ. ಅಂದು ನನಗೆ ಬಂದ ಹತ್ತು ಅಂಕಗಳನ್ನು ಹಿಂದಿರುಗಿಸುವ ದಾರಿ ತಿಳಿಯದು; ಈ ಬರಹವನ್ನಾದರೂ ಅದರ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬೇಕೆಂದು ಪ್ರಾರ್ಥನೆ.