ಪತ್ರ ಬೆಳೀತು, ವೈನಿ ಮಾತು ಬಿಟ್ರು

ನಾ ಪ್ರತಿ ಐತವಾರ ಮುಂಜಾನೆ ಒಂದು ಪತ್ರ ಕಳಸ್ತೇನಿ ಅನ್ನೂದು ನಿಮ್ಮೊಳಗ ಭಾಳ ಮಂದಿಗೆ ಗೊತ್ತದ. ಮೇಲ್‌ನ್ಯಾಗ ಬರ್ತದ, ಒಂದು ಕಪ್ ಚಹಾ ಮುಗಿಯೂದ್ರೊಳಗ ಓದಿ ಆಗ್ತದ. ಮಗಳು ಅದಕ್ಕ ನ್ಯೂಸ್‌ಲೆಟರ್ ಅಂತಾಳ. ಅದರಾಗ ನ್ಯೂಸ್ ಏನಿರ್ತದವ್ವಾ? ಮೆಂತ್ಯಾ ಹಿಟ್ಟಿಗೆ ಬ್ಯಾಳಿ ಎಷ್ಟು ಹುರೀಬೇಕು, ಹಳೀ ಇಳಕಲ್ ಸೀರಿ ಕೌದಿಗೆ ಹೆಂಗ ಕತ್ತರಿಸಬೇಕು, ನಮ್ಮ ಅತ್ತಿಯವರು ಸಂಡಿಗಿ ಕಾಯ್ಲಿಕ್ಕೆ ಕುಂತು ಕಾಗಿ ಜೋಡಿ ಏನು ಮಾತಾಡ್ತಿದ್ರು, ಇಷ್ಟ. ನಾ ಅದಕ್ಕ ಪತ್ರನ ಅಂತೇನಿ. ಈಗ ಒಂಬತ್ತು ತಿಂಗಳಾತು.

"ನಾನೂ ಒಂದು ಶುರು ಮಾಡಬೇಕಂತೇನಿ, ನೀವು ಓದೋ ಮಂದಿನ್ನ ಹೆಂಗ ಕೂಡಿಸಿದ್ರಿ?" ಅಂತ ಮೂರು ಮಂದಿ ಕೇಳ್ಯಾರ. ಅದಕ್ಕ ಇದನ್ನ ಬರೀಲಿಕ್ಕೆ ಕುಂತೇನಿ. ಆದ್ರ ಮೊದಲ ಹೇಳಿಬಿಡ್ತೇನಿ, ಮಂದಿ ಕೂಡಿಸೂದು ದೊಡ್ಡ ಕೆಲಸ ಅಂತ ನನಗ ಈಗ ಅನಸೂದಿಲ್ಲ. ಕೂಡಿದ ಮ್ಯಾಲೆ ಏನಾಗ್ತದ ಅನ್ನೂದು ಯಾರೂ ಹೇಳೂದಿಲ್ಲ, ಅದನ್ನ ಹೇಳ್ಬೇಕಾಗೇದ.

ಶುರು ಮಾಡಿದ್ದ ತಪ್ಪಿನಿಂದ. ಮಗಳ ಮದವಿಗೆ ಮೇಲ್ ಮಾಡಿ ಕರದಿದ್ದ ಯಾದಿ ಇತ್ತು. ಅದರಾಗಿಂದ 31 ಮಂದಿನ್ನ ಆರಿಸಿ, ಒಬ್ಬರನ್ನೂ ಕೇಳದನ, ಮೊದಲನೇ ಪತ್ರ ಕಳಿಸಿಬಿಟ್ಟೆ. ಎಲ್ಲಾರ ವಿಳಾಸಾನೂ 'ಟು' ಅನ್ನೋ ಸಾಲಿನ್ಯಾಗ ತುಂಬಿದೆ. 'ಬಿಸಿಸಿ' ಅಂತ ಒಂದು ಸಾಲಿರ್ತದ, ಅಲ್ಲೆ ಹಾಕಿದ್ರ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣೂದಿಲ್ಲ ಅನ್ನೂದು ನನಗೇನು ಗೊತ್ತು? ಮರುದಿವಸ ನಮ್ಮ ಕಾಕು ಉತ್ತರ ಬರದ್ರು. ನನಗೊಬ್ಬಾಕಿಗೆ ಬರೀಲಿಕ್ಹತ್ತೇನಿ ಅಂತ ತಿಳಕೊಂಡು, ಮುಂಜವಿಯೊಳಗ ಬೀಗರು ಬಡಿಸಿದ ಕಟ್ಟಿನ ಸಾರು ಹೆಂಗ ನೀರಿನ ಹಂಗ ಇತ್ತು ಅಂತ ಉದ್ದಕ ಬರದು, ಎಲ್ಲಾರಿಗೂ ಹೋಗೋ ಗುಂಡಿ ಒತ್ತಿದ್ರು. ಆ 31 ಮಂದಿಯೊಳಗ ಆ ಬೀಗರೂ ಇದ್ರು. ಮಧ್ಯಾಹ್ನದೊಳಗ ನನಗ ಹನ್ನೆರಡು ಫೋನ್ ಬಂದ್ವು. ಕಾಕು ಅಂತೂ ಒಂದು ತಿಂಗಳು ನಮ್ಮ ಮನಿ ಕಡೆ ಹಾಯಲಿಲ್ಲ.

ಆಮ್ಯಾಲೆ ಮಗಳು ಪತ್ರ ಕಳಸೂದಕ್ಕಂತನ ಇರೋ ಒಂದು ಫುಕಟ್ ಸೇವಾದಾಗ ನನ್ನ ಹೆಸರು ಹಚ್ಚಿ ಕೊಟ್ಲು. ಅದರಾಗ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೋಗ್ತದ, ಕೆಳಗ 'ಬ್ಯಾಡ' ಅನ್ನೋರಿಗೆ ಒಂದು ಕೊಂಡಿ ಇರ್ತದ. ಮೊದಲನೇ ವಾರದಾಗ ನಾಕು ಮಂದಿ ಅದನ್ನ ಒತ್ತಿ ಹೋದ್ರು. ಅದರಾಗ ಒಬ್ಬಾಕಿ ನನ್ನ ಖಾಸ ತಂಗಿ! ರಾತ್ರಿಯೆಲ್ಲಾ ನಿದ್ದಿ ಬರಲಿಲ್ಲ. ಮುಂಜಾನೆ ಫೋನ್ ಹಚ್ಚಿದ್ರ ಆಕಿ ಅಂತಾಳ, "ಅಕ್ಕಾ, ನೀ ದಿನಾ ಫೋನಿನ್ಯಾಗ ಇದನ್ನೆಲ್ಲಾ ಹೇಳೇ ಹೇಳ್ತೀ, ಮತ್ತ ಓದಬೇಕೇನು?" ಖರೇನ ಅದ. ಹೋಗೋರು ಸಿಟ್ಟಿಲೆ ಹೋಗೂದಿಲ್ಲ, ಅದನ್ನ ತಿಳಕೊಳ್ಳಿಕ್ಕೆ ನನಗ ನಾಕು ತಿಂಗಳು ಬೇಕಾದ್ವು.

ನಮ್ಮ ಓಣಿಯವರು ಮೇಲ್ ತಗದು ನೋಡೂದಿಲ್ಲ. "ವಾಟ್ಸ್ಯಾಪಿನ್ಯಾಗ ಕಳಿಸ್ರಿ" ಅಂದ್ರು. ಅದರಾಗ ಬ್ರಾಡ್‌ಕಾಸ್ಟ್ ಅಂತ ಅದ, ಒಂದು ಯಾದಿಗೆ 256 ಮಂದಿ ಹಿಡಸ್ತಾರ. ಆದ್ರ ಒಂದು ಮಾತು ನೆನಪಿಡ್ರಿ: ಯಾರ ಫೋನಿನ್ಯಾಗ ನಿಮ್ಮ ನಂಬರ್ ಸೇವ್ ಆಗಿರ್ತದೋ ಅವರಿಗಷ್ಟ ಅದು ಮುಟ್ಟತದ. ಮೂಲಿ ಮನಿ ಅಕ್ಕಾವ್ರು "ನನಗೊಂದು ಕಳಸವಲ್ಲಿ" ಅಂತ ಮುನಿಸಿಕೊಂಡಿದ್ರು. ನೋಡಿದ್ರ ಅವರ ಫೋನಿನ್ಯಾಗ ನನ್ನ ನಂಬರ್ ಇದ್ದಿದ್ದೇ ಇಲ್ಲ. ಹದಿನಾರು ವರ್ಷದ ನೆರಿ! ಇಬ್ಬರೂ ನಕ್ಕು ಸುಮ್ಮನಾದ್ವಿ.

ಈಗ ಲೆಕ್ಕದ ಮಾತು. ಈ ಸೇವಾದಾಗ ಎಷ್ಟು ಮಂದಿ ಪತ್ರ ತಗದ್ರು ಅಂತ ತೋರಸ್ತದ. ಪತ್ರದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಒಂದನ್ನ ಇಟ್ಟಿರ್ತಾರ, ಪತ್ರ ತಗದ ಕೂಡಲೆ ಆ ಚಿತ್ರ ಅವರ ಕಡೆಯಿಂದ ಬರ್ತದ, ಅಲ್ಲೆ ಎಣಿಕಿ ಆಗ್ತದ. ಅಂದ್ರ ನೀವು ಓದಿದ್ರೋ ಇಲ್ಲೋ ಅನ್ನೂದನ್ನ ನಾ ಇಲ್ಲಿ ಕುಂತು ಇಣುಕಿ ನೋಡಿದಂಗ. ಗೊತ್ತಾದಾಗ ನನಗ ಸ್ವಲ್ಪ ನಾಚಿಕಿನ ಬಂತು. ಆದ್ರೂ ನೋಡೂದೇನು ಬಿಡಲಿಲ್ಲ, ರೊಟ್ಟಿ ಬಡಿಯೋ ಕೈ ಒರಸಿಕೊಂಡು ಬಂದು ನೋಡ್ತಿದ್ದೆ. ಆಮ್ಯಾಲೆ ಮಗಳು ಹೇಳಿದ್ಲು, ಆ ಲೆಕ್ಕಾನೂ ಪಕ್ಕಾ ಅಲ್ಲಂತ. ಆ್ಯಪಲ್‌ನವರು 2021ರಾಗ ತಮ್ಮ ಮೇಲ್‌ನ್ಯಾಗ ಒಂದು ವ್ಯವಸ್ಥಾ ತಂದ್ರು. ಅದನ್ನ ಚಾಲೂ ಇಟ್ಟುಕೊಂಡವರ ಪತ್ರದ ಚಿತ್ರಗಳು, ಅವರು ಓದಲಿ ಬಿಡಲಿ, ತಾವ ಮೊದಲ ಇಳದಿರ್ತಾವ. ನಮ್ಮ ಲೆಕ್ಕದಾಗ 'ಓದ್ಯಾರ' ಅಂತ ಬರ್ತದ. ಅಷ್ಟು ದಿವಸ ನನ್ನ ಜೀಂವ ತಿಂದ ಲೆಕ್ಕ ಇದು, ನೋಡ್ರಿ.

ಅಳಿಯಂದ್ರು ಪುಣೆದಾಗ ಇರ್ತಾರ, ಭಾಳ ಕಳಕಳಿಯಿಂದ ಸಲಹಾ ಕೊಟ್ರು. ಹೆಸರು ಓದಿದ ಕೂಡಲೆ ಮಂದಿ ತಗೀಬೇಕು, ಓದಿದವರು ಇನ್ನೊಬ್ಬರಿಗೆ ಕಳಿಸಬೇಕು, ಅಂಥಾದ್ದು ಬರೀರಿ ಅತ್ತಿ ಅಂದ್ರು. ರೊಕ್ಕಾನೂ ಇಡಬಹುದಂತ. 2017ರಾಗ ಶುರುವಾದ ಸಬ್‌ಸ್ಟ್ಯಾಕ್ ಅನ್ನೋದರಾಗ ಓದೋರು ಚಂದಾ ಕೊಟ್ರ ನೂರಕ್ಕ ಹತ್ತು ಅವರು ಹಿಡಕೊಂಡು ಉಳದದ್ದು ಬರದವರಿಗೆ ಅಂತ ಹೇಳಿದ್ರು. ಅದು ಬ್ಯಾಡಂದೆ. ನಮ್ಮ ಮಂದಿ ರೊಕ್ಕ ಕೊಟ್ಟು ಓದಿದ್ರಂದ್ರ ಅದು ಮದವಿ ಆಯೇರಿ ಲೆಕ್ಕ ಆಗ್ತದ, ಅವರದು ಬಂತು ಇವರದು ಬರಲಿಲ್ಲ ಅಂತ ನಾ ಜೀಂವ ಇರೂತನಕ ಬರದಿಟ್ಟುಕೋತೇನಿ. ಆದ್ರ 'ಇನ್ನೊಬ್ಬರಿಗೆ ಕಳಿಸೋ ಅಂಥಾದ್ದು' ಅನ್ನೋ ಮಾತು ಮಾತ್ರ ತಲಿಯೊಳಗ ಕುಂತುಬಿಟ್ಟಿತು.

ಹದಿನಾಕನೇ ಪತ್ರ ಹಂಗ ಬರದದ್ದು. ನಮ್ಮ ವೈನಿ ಹೊಸದಾಗಿ ನಮ್ಮ ಮನಿಗೆ ಬಂದಾಗಿನ ಒಂದು ಮಾತು. ಅವರು ಅದನ್ನ ನನಗ ಹೇಳಿದ್ದು ಅವ್ವ ದವಾಖಾನಿಯೊಳಗ ಇದ್ದಾಗ, ನಡುರಾತ್ರಿ, ಇಬ್ಬರ ಇದ್ವಿ. ನಾ ಅದನ್ನ ನಗುವಂಗ ಬರದೆ. ಓದಿದವರೆಲ್ಲಾ ನಕ್ಕರು. ಒಬ್ಬರು ಇನ್ನೊಬ್ಬರಿಗೆ ಕಳಿಸಿದ್ರು, ಅವರು ಮತ್ತ ಯಾರಿಗೋ ಕಳಿಸಿದ್ರು. 44 ಇದ್ದದ್ದು ಎರಡ ವಾರದಾಗ 170ಕ್ಕ ಹೋತು. ಬೆಂಗಳೂರು, ಸೊಲ್ಲಾಪುರ, ಅಮೇರಿಕಾ. ಗೊತ್ತಿಲ್ಲದ ಹೆಣ್ಮಕ್ಕಳು "ನಿಮ್ಮ ವೈನಿ ಭಾಳ ಮಜಾ ಇದ್ದಾರ" ಅಂತ ಬರದ್ರು. ನಾ ಉಬ್ಬಿ ಹೋಳಿಗಿ ಆದೆ.

ವೈನಿ ಏನೂ ಅನ್ನಲಿಲ್ಲ. ಪ್ರತಿ ಐತವಾರ "ಓದಿದೆ, ಛೊಲೊ ಅದ" ಅಂತ ಒಂದು ಸಾಲು ಬರೀತಿದ್ರು, ಅದು ನಿಂತಿತು. ಪಂಚಮಿಗೆ ಉಂಡಿ ಕಳಸ್ತಿದ್ರು, ಈ ವರ್ಷ ಅಣ್ಣನ ಕೈಯಾಗ ಬಂದ್ವು, ಅವರು ಬರಲಿಲ್ಲ. ನಾನ ಹೋಗಿ ಕೇಳಿದೆ. ಅಡಗಿಮನಿಯೊಳಗ ಶೇಂಗಾ ಸುಲೀತಿದ್ರು, ತಲಿ ಎತ್ತದ ಹೇಳಿದ್ರು: "ಅದನ್ನ ನಾ ನಿನಗ ಹೇಳಿದ್ದೆ. ಊರಿಗೆ ಹೇಳಿದ್ದಿಲ್ಲ." ಅವರ ಮಗಳ ಅತ್ತಿ ಮನಿಯವರಿಗೂ ಆ ಪತ್ರ ಮುಟ್ಟಿತ್ತು. ಅವರು ಇವರ ಮುಂದನ ನಕ್ಕಿದ್ರು.

ಇಷ್ಟ ಆಗಿದ್ರ ಕಾಲು ಹಿಡದು ಕ್ಷಮಾ ಕೇಳಿ ಮುಗಸ್ತಿದ್ದೆ. ಕೇಳಿದೆ ಕೂಡ. ಆದ್ರ ಮನಿಗೆ ಬಂದು ಆ ಪತ್ರ ಮತ್ತೊಮ್ಮೆ ಓದಿದೆ, ಆಗ ಖರೇ ತಪ್ಪು ಕಾಣಿಸಿತು. ಆ ಕತಿಯೊಳಗ ನಮ್ಮ ಅವ್ವಾನೂ ಇದ್ಲು. ಅವ್ವನ ಬಿರುಸುತನಾನೆಲ್ಲಾ ಮೆತ್ತಗ ಮಾಡಿ ಬರದಿದ್ದೆ, ಹೋದವರ ಬಗ್ಗೆ ಯಾಕ ಅಂತ. ಕತಿ ನಿಲ್ಲಬೇಕಲ್ಲಾ, ಹಿಂಗಾಗಿ ವೈನಿನ್ನ ಹುಚ್ಚಿ ಮಾಡಿದ್ದೆ. ನಮ್ಮ ತವರಮನಿ ಮರ್ಯಾದಿ ಉಳೀತು, ಅದರ ಖರ್ಚು ಅವರು ಕೊಟ್ರು. ನಮ್ಮ ಮನಿಗಳೊಳಗ ಸೊಸಿಯಂದ್ರ ಕತಿ ಯಾವಾಗಲೂ ಹಿಂಗ ಹೇಳ್ತಾರ. ನಾನೂ ಒಂದು ಮನಿ ಸೊಸಿ, ನನಗ ಗೊತ್ತಿರಬೇಕಿತ್ತು.

ಪತ್ರ ಅಳಸಬೇಕಂತ ಹೋದೆ. ಇಟ್ಟಲ್ಲಿಂದ ತಗದೆ, ಖರೇ. ಕಳಿಸಿದ್ದು? ಅದು 170 ಮನಿಯೊಳಗ ಕುಂತದ. ನೀಲಿ ಇನ್‌ಲ್ಯಾಂಡ್ ಪತ್ರ ಇದ್ದಾಗ ಕಡೀಕೆ ಒಂದ ಮನಿಗೆ ಹೋಗ್ತಿತ್ತು, ಒಲಿಯೊಳಗ ಹಾಕಿದ್ರ ಮುಗೀತಿತ್ತು.

ಇದನ್ನ ಕೇಳಿದ ಗೆಳತಿಯೊಬ್ಬಾಕಿ ನನಗ ಬೈದ್ಲು. "ಎಲ್ಲಾರನ್ನೂ ಕೇಳಿ ಬರೀಲಿಕ್ಕೆ ಕುಂತ್ರ ಹೆಣ್ಮಕ್ಕಳು ಏನೂ ಬರಿಯೂದಿಲ್ಲ. ಮನಿ ಮಾತು ಹೊರಗ ಹೋಗಬಾರದು ಅಂತನ ಅಲ್ಲೇನು ನಮ್ಮ ಬಾಯಿ ಕಟ್ಟಿದ್ದು?" ಅಂದ್ಲು. ಆಕಿ ಮಾತು ನಾ ಹಗರ ತಗೊಳ್ಳೂದಿಲ್ಲ. ನಂಜನಗೂಡು ತಿರುಮಲಾಂಬಾ ಅವರು ಬಾಲವಿಧವಿ ಆಗಿ 'ಸತೀ ಹಿತೈಷಿಣಿ' ಅಂತ ತಾವ ಪುಸ್ತಕ ತಂದ್ರು, ಆರ್. ಕಲ್ಯಾಣಮ್ಮ ಅವರು 1921ರಾಗ 'ಸರಸ್ವತಿ' ಪತ್ರಿಕಾ ಶುರು ಮಾಡಿ ನಾಲ್ವತ್ತು ವರ್ಷದ ಮ್ಯಾಲೆ ನಡಿಸಿದ್ರು. ಮಂದಿ ಏನಂತಾರೋ ಅಂತ ಅವರು ಕುಂತಿದ್ರ ನಾ ಇಲ್ಲಿ ಬರೀತಿದ್ದಿಲ್ಲ. ಆದ್ರ ನನ್ನ ದುಃಖ ನಾ ಬರಿಯೂದು ಬ್ಯಾರೆ, ಇನ್ನೊಬ್ಬರ ದುಃಖ ನಾ ನಗಿ ಮಾಡಿ ಹಂಚೂದು ಬ್ಯಾರೆ. ನಮ್ಮ ಅತ್ತಿಯವರು ನನಗ ಅಂದದ್ದನ್ನ ನಾ ಬರೀತೇನಿ, ಯಾರ ಅಪ್ಪಣೀನೂ ಬೇಕಾಗಿಲ್ಲ. ವೈನಿಗೆ ಆದದ್ದು ವೈನೀದು. ಅವರು ಬರೀತಾರೋ, ಬರಸ್ತಾರೋ, ಹಂಗ ಇಟ್ಟುಕೋತಾರೋ ಅವರ ಮರ್ಜಿ.

ಹಿಂಗಾಗಿ ಈಗ ನಾ ಮಾಡೂದು ಇಷ್ಟ. ಪತ್ರದಾಗ ಯಾರರ ಬಂದ್ರ ಶನಿವಾರ ಸಂಜೀಕ ಅವರಿಗೆ ಫೋನಿನ್ಯಾಗ ಓದಿ ಹೇಳ್ತೇನಿ. ಅವರು ನಕ್ಕರ ಹೋಗ್ತದ. ಸುಮ್ಮನಾದ್ರ ಹೋಗೂದಿಲ್ಲ, ಆ ವಾರ ಬರೇ ಚಟ್ನಿಪುಡಿ ಬಗ್ಗೆ ಹೋಗ್ತದ. ಹೊಸಬರನ್ನ ಕೇಳದ ಸೇರಸೂದಿಲ್ಲ. ಎಣಿಕಿ ತೋರಸೋ ಪುಟ ಮಗಳ ಕಡೆ ಕೊಟ್ಟುಬಿಟ್ಟೇನಿ, ಮೂರು ತಿಂಗಳಿಗೊಮ್ಮೆ ಹೇಳು ಅಂದೇನಿ. ಹೋದ ಸಲ 138 ಅಂದ್ಲು. ಚಟ್ನಿಪುಡಿ ವಾರಗಳೊಳಗ ಮಂದಿ ಹೋಗ್ಯಾರ. ಸ್ವಲ್ಪ ಚುರುಕ್ ಅಂತು, ಸುಳ್ಳು ಯಾಕ ಹೇಳಲಿ. ಆದ್ರ ಪ್ರತಿ ವಾರ ಏಳೆಂಟು ಮಂದಿ ಎರಡು ಸಾಲು ತಿರುಗಿ ಬರೀತಾರ. ಯಾರ ಮನಿಯೊಳಗ ಹಿಟ್ಟು ಮುಗ್ಗು ಹಿಡೀತು, ಯಾರ ಮೊಮ್ಮಗ ಹೆಜ್ಜಿ ಇಟ್ಟ. ಅದನ್ನ ಓದೂದರಾಗ ಐತವಾರ ಹೋಗ್ತದ.

ಈ ಬರಹಾನೂ ಮೊನ್ನೆ ವೈನಿ ಮನಿಗೆ ತಗೊಂಡು ಹೋಗಿ ಓದಿ ತೋರಿಸಿದೆ. ಅವರು ಇರಬಾರದು ಅಂದ್ರ ಪೂರಾ ಹರೀತೇನಿ ಅಂದೆ. ಚಷ್ಮಾ ಹಾಕ್ಕೊಂಡು ತಾವ ಮತ್ತೊಮ್ಮೆ ಓದಿದ್ರು. ಎರಡು ಸಾಲು ಹೊಡದು ಹಾಕಿಸಿದ್ರು, ಅವು ಇಲ್ಲಿ ಇಲ್ಲ. ಆಮ್ಯಾಲೆ ಭಾಳ ಹೊತ್ತು ಸುಮ್ಮನ ಕುಂತು, "ಒಂದು ಕೂಡಸು" ಅಂದ್ರು.

"ನಾ ರಾತ್ರಿ ಎದ್ದು ಗಡಿಗಿಯೊಳಗ ರೊಟ್ಟಿ ಮುಚ್ಚಿಡ್ತಿದ್ದೆ ಅಂತ ನಗಿಸೀದಿ. ಯಾಕ ಮುಚ್ಚಿಡ್ತಿದ್ದೆ ಅಂತ ಬರದಿಲ್ಲ. ರೊಟ್ಟಿ ಎಣಿಸಿ ಇಡ್ತಿದ್ರು. ಅಷ್ಟು ಬರಿ."

ಬರದೇನಿ.